ಗೊನೆ ಹೊರಬಂದ ಮೇಲೆ ಹಾರ್ಮೋನು

ಹಿತ್ತಲಲ್ಲಿ ನಾಲ್ಕು ಬಾಳೆ ಇಟ್ಟವರ ಕೈಗೂ ಈಗ ಹಾರ್ಮೋನಿನ 'ಟಾನಿಕ್' ಬಾಟಲಿ ಬಂದಿದೆ. ಚಿಪ್ಪು ಹೆಚ್ಚುತ್ತದೆ, ಕಾಯಿ ದಪ್ಪವಾಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಚಿಪ್ಪು ಹೆಚ್ಚುವ ಮಾತಂತೂ ಆಗದ ಹೋಗದ ಮಾತು. ಎಷ್ಟು ಚಿಪ್ಪು, ಚಿಪ್ಪಿಗೆ ಎಷ್ಟು ಕಾಯಿ ಎಂಬುದು ಗೊನೆ ಹೊರಬರುವ ತಿಂಗಳುಗಳ ಮೊದಲೇ, ದಿಂಡಿನ ಒಳಗಿನ ಸುಳಿ ಎಲೆ ಬಿಡುವುದನ್ನು ನಿಲ್ಲಿಸಿ ಹೂವಿಗೆ ತಿರುಗುವಾಗಲೇ ತೀರ್ಮಾನವಾಗಿರುತ್ತದೆ. ಆ ಹೊತ್ತಿಗೆ ಗಿಡ ಹಸಿದಿದ್ದರೆ ಗೊನೆ ಸಣ್ಣದೇ. ಆಮೇಲೆ ಯಾವ ಔಷಧಿ ಹೊಡೆದರೂ ಒಂದು ಚಿಪ್ಪೂ ಸೇರುವುದಿಲ್ಲ.

ಉಳಿದದ್ದು ಕಾಯಿಯ ಗಾತ್ರ. ಇದಕ್ಕೆ ಜಿಬ್ಬರೆಲಿಕ್ ಆಮ್ಲವೆಂಬ ಹಾರ್ಮೋನನ್ನು ಶಿಫಾರಸು ಮಾಡುವವರು ವಿಜಯಪುರದ ದ್ರಾಕ್ಷಿಯನ್ನು ತೋರಿಸುತ್ತಾರೆ. ಬೀಜವಿಲ್ಲದ ಥಾಮ್ಸನ್ ದ್ರಾಕ್ಷಿಯ ಗೊಂಚಲನ್ನು ಅದರ ದ್ರಾವಣದಲ್ಲಿ ಅದ್ದುವುದು ಅಲ್ಲಿ ಬೇಸಾಯದ ಭಾಗವೇ ಆಗಿದೆ, ಫಲವೂ ನಿಚ್ಚಳ. ಬಾಳೆಯ ಕಥೆ ಬೇರೆ. ಪರಾಗವೇ ಬೇಡದೆ ತಾನಾಗಿ ಕಾಯಿ ಕಟ್ಟುವ ಗಿಡವಿದು, ಹೊರಗಿನ ಹಾರ್ಮೋನಿನ ಹಂಗು ಕಡಿಮೆ. ನೀರು, ಪೊಟ್ಯಾಷ್ ಸಾಲದ ಹಿತ್ತಲಲ್ಲಿ ಹಾರ್ಮೋನು ಕಾಯಿಯನ್ನು ತುಂಬಿಸಲಾರದು, ತುಂಬುವುದಕ್ಕೆ ಒಳಗೆ ಸರಕೇ ಇರುವುದಿಲ್ಲ.

ನನಗೆ ನಿಜವಾಗಿ ಭಯವಿರುವುದು ಹಾರ್ಮೋನಿನಂತೆ ಕೆಲಸ ಮಾಡುವ 2,4-ಡಿ ಬಗ್ಗೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಇದನ್ನು ಬಾಳೆಗೆ ಹೇಳಿರುವುದು ನಿಜ. ಆದರೆ ಅದು ಬೀಜ ಕಟ್ಟುವ ಪೂವನ್‌ನಂಥ ತಳಿಗೆ, ಕೊನೆಯ ಚಿಪ್ಪು ಬಿಚ್ಚಿದ 20 ದಿನದೊಳಗೆ, ಲೀಟರಿಗೆ 25 ಮಿಲಿಗ್ರಾಂ ಮಾತ್ರ. ನಮ್ಮ ಏಲಕ್ಕಿ ಬಾಳೆಗೋ ಪಚ್ಚಬಾಳೆಗೋ ಆ ಬೀಜದ ತೊಂದರೆಯೇ ಇಲ್ಲ. ಇನ್ನು ಅಳತೆ ನೋಡಿ: ಅಂಗಡಿಯಲ್ಲಿ ಇದು ಸಿಗುವುದು ಕಳೆನಾಶಕವಾಗಿ. ಶೇ 58ರ ದ್ರಾವಣವಾದರೆ ಲೀಟರ್ ನೀರಿಗೆ ಬೇಕಾದದ್ದು ಹೆಚ್ಚುಕಡಿಮೆ ಒಂದು ಹನಿ. ಮನೆಯಲ್ಲಿ ಸುರಿಯುವುದು ಮುಚ್ಚಳದ ಲೆಕ್ಕದಲ್ಲಿ. ಐದು ಮಿಲಿ ಮುಚ್ಚಳವೊಂದು ಸುರಿದರೆ ನೂರು ಪಟ್ಟು ದಾಟಿತು. ಗಾಳಿಗೆ ತೇಲಿದ ತುಂತುರು ಪಕ್ಕದ ಟೊಮೆಟೊ, ಬದನೆಯ ಮೇಲೆ ಬಿತ್ತೆಂದರೆ ಎಲೆ ಸುರುಟಿ, ಕಾಂಡ ತಿರುಚಿಕೊಳ್ಳುತ್ತದೆ. ಮಕ್ಕಳು ಆಡುವ, ಸೊಪ್ಪು ಕೊಯ್ಯುವ ಜಾಗಕ್ಕೆ ಕಳೆನಾಶಕ ತರುವ ಸಲಹೆಯನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ.

ಹಣ್ಣು ಮಾಡಲು ಎಥಿಲೀನ್ ಬಿಡುವ ಎಥೆಫಾನ್ ಕೂಡ ಮನೆಗೆ ಬೇಡ. ಬಲಿತ ಗೊನೆಯನ್ನು ಹುಲ್ಲಿನಲ್ಲಿ ಮುಚ್ಚಿಟ್ಟರೆ ಅದರದೇ ಎಥಿಲೀನ್ ಸಾಕು.

ಹಾಗೆಂದು ಹಾರ್ಮೋನನ್ನೇ ದೂರುತ್ತಿಲ್ಲ. ಜಿ-9 ಬಾಳೆಯ ಅಂಗಾಂಶ ಕೃಷಿಯ ಸಸಿ ನಮ್ಮ ಹಿತ್ತಲಿಗೆ ಬಂದದ್ದೇ ಪ್ರಯೋಗಾಲಯದ ಸೈಟೋಕೈನಿನ್ ಎಂಬ ಹಾರ್ಮೋನಿನಿಂದ. ಒಂದು ಕಂದಿನ ಸುಳಿಯಿಂದ ಸಾಲು ಸಾಲು ಮೊಳಕೆ ಒಡೆಸುವುದು ಅದೇ. ಮಿಲಿಗ್ರಾಂ ತೂಗುವ ತಕ್ಕಡಿ ಇರುವ ಕಡೆ ಅದಕ್ಕೆ ತಕ್ಕ ಕೆಲಸವಿದೆ.

ಗೊನೆ ಬಂದ ಮೇಲೂ ಏನಾದರೂ ಮಾಡಲೇಬೇಕು ಎನ್ನುವವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಹೇಳಿಕೊಟ್ಟ ಸುಲಭದ ದಾರಿಯೊಂದಿದೆ. ಕೊನೆಯ ಚಿಪ್ಪು ಬಿಚ್ಚಿದ ಮೇಲೆ ಹೂವಿನ ಮೂತಿಯನ್ನು ಕೊಯ್ಯಿರಿ. ಅರ್ಧ ಕೆಜಿ ಹಸಿ ಸಗಣಿಗೆ ಏಳೆಂಟು ಗ್ರಾಂ ಯೂರಿಯಾ, ಅಷ್ಟೇ ಪೊಟ್ಯಾಷಿಯಂ ಸಲ್ಫೇಟನ್ನು ತುಸು ನೀರಲ್ಲಿ ಕರಗಿಸಿ ಕಲಸಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಕೊಯ್ದ ತುದಿ ಅದರಲ್ಲಿ ಮುಳುಗುವಂತೆ ಬಿಗಿದು ಕಟ್ಟಿ. ದಂಟು ಅದನ್ನು ನೇರವಾಗಿ ಹೀರಿ ಕಾಯಿಗೆ ಒಯ್ಯುತ್ತದೆ. ಕೊಯ್ದ ಮೂತಿ ಪಲ್ಯಕ್ಕಾಯಿತು.