ಸುಶ್ರುತನ ಶಿಷ್ಯೋಪನಯನದಲ್ಲಿ ಗುರುವಿನ ಹೊಣೆ

ಸುಶ್ರುತಸಂಹಿತೆಯ ಸೂತ್ರಸ್ಥಾನದ 2ನೆಯ ಅಧ್ಯಾಯವಾದ ಶಿಷ್ಯೋಪನಯನೀಯವನ್ನು ವೈದ್ಯವಿದ್ಯಾರ್ಥಿಯ ಪ್ರತಿಜ್ಞೆಯೆಂದು ಮಾತ್ರ ಓದುವುದು ಸುಲಭ. ಆದರೆ ಆ ಓದು ಅಪೂರ್ಣವಾದುದು. ಕಾಮ, ಕ್ರೋಧ, ಲೋಭ, ಅನೃತ, ಆಲಸ್ಯಗಳನ್ನು ತೊರೆಯಬೇಕೆಂದೂ, ತಪ್ಪಿದರೆ ವಿದ್ಯೆ ನಿಷ್ಫಲವಾಗುವುದೆಂದೂ ಅಗ್ನಿಸಾಕ್ಷಿಯಾಗಿ ಶಿಷ್ಯನಿಗೆ ವಿಧಿಸಿದ ಗುರುವು ಒಡನೆಯೇ ತನ್ನನ್ನೂ ಕಟ್ಟಿಕೊಳ್ಳುವನು. ಶಿಷ್ಯನು ಸನ್ಮಾರ್ಗದಲ್ಲಿದ್ದರೂ ತಾನು ಅನ್ಯಥಾ ನಡೆದರೆ ಪಾಪವೂ ವಿದ್ಯಾವೈಫಲ್ಯವೂ ತನಗೇ ಎಂಬುದು ಅಲ್ಲಿಯ ತಾತ್ಪರ್ಯ.

ಈ ಹೊಣೆ ಅಲ್ಲಿಗೇ ನಿಲ್ಲುವುದಿಲ್ಲ. 3ನೆಯ ಅಧ್ಯಾಯವು ಕುವೈದ್ಯನ ಕೈಯಿಂದಾಗುವ ಜನಹಾನಿಯನ್ನು ಅರಸನ ದೋಷವೆಂದು ಹೇಳುತ್ತದೆ. 9ನೆಯದು ಶಾಸ್ತ್ರವನ್ನೆಲ್ಲ ಓದಿದವನೂ ಸೋರೆ, ಸೌತೆ, ಕುಂಬಳಗಳ ಮೇಲೆ ಛೇದನವನ್ನು ಅಭ್ಯಸಿಸಬೇಕೆನ್ನುತ್ತದೆ. 10ನೆಯದು ಕರ್ಮವನ್ನು ಕಂಡು, ಮಾಡಿ, ರಾಜಾನುಜ್ಞೆ ಪಡೆದವನೇ ವೃತ್ತಿಗಿಳಿಯಬೇಕೆನ್ನುತ್ತದೆ. ಓದಿಗೂ ಸ್ವತಂತ್ರವೃತ್ತಿಗೂ ನಡುವಣ ಈ ಕಾಲವೇ ಇಂದಿನ ಸ್ನಾತಕೋತ್ತರ ಶಿಕ್ಷಣಕ್ಕೆ ಸಮೀಪವಾದುದು.

ಆದರೆ ಗ್ರಂಥದಲ್ಲಿ ಒಂದು ಕೊರತೆಯುಂಟು. ಶಿಷ್ಯನ ತಪ್ಪನ್ನು ಗುರುವು ಕಾಣುವನು; ಗುರುವಿನ ತಪ್ಪಿಗಾದರೋ ಅಗ್ನಿಯೊಂದೇ ಸಾಕ್ಷಿ, ಪಾಪವೊಂದೇ ದಂಡ. ರೋಗಿಯು ಕೇಳುವ ಸ್ಥಾನ ಅಲ್ಲಿಲ್ಲ.

ಈ ಕೊರತೆಯ ಬೆಲೆಯನ್ನು ಆಧುನಿಕ ಕಾಲವೂ ತೆತ್ತಿದೆ. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ 18 ವರ್ಷದ ಲಿಬಿ ಜಯಾನ್ ಎಂಬ ತರುಣಿ ತೀರಿಕೊಂಡಾಗ, ರಾತ್ರಿ ಅವಳನ್ನು ನೋಡಿಕೊಂಡವರು ತರಬೇತಿಯಲ್ಲಿದ್ದ ಕಿರಿಯ ವೈದ್ಯರು. ಹಿರಿಯ ವೈದ್ಯರು ದೂರವಾಣಿಯಲ್ಲಿ ಮಾತ್ರ ದೊರೆತಿದ್ದರು. 1989ರಲ್ಲಿ ಆ ರಾಜ್ಯವು ಕಿರಿಯರ ದುಡಿಮೆಯನ್ನು ವಾರಕ್ಕೆ 80 ಗಂಟೆಗೆ ಮಿತಿಗೊಳಿಸಿ, ಹಿರಿಯರ ಮೇಲ್ವಿಚಾರಣೆಯನ್ನೂ ವಿಧಿಸಿತು. ಗಂಟೆಗಳ ಲೆಕ್ಕವೇ ಲೋಕದಲ್ಲಿ ಹೆಚ್ಚು ಪ್ರಸಿದ್ಧವಾಯಿತು. ಆದರೆ ಆ ವಿಧಿಯನ್ನು ಸೂಚಿಸಿದ ಸಮಿತಿಯ ಅಧ್ಯಕ್ಷರಾಗಿದ್ದ ಬರ್ಟ್ರಂಡ್ ಬೆಲ್ ಅವರು ಮೇಲ್ವಿಚಾರಣೆಯೇ ಮುಖ್ಯವೆಂದು ವಾದಿಸಿದರು.

ಭಾರತದ 2023ರ ಸ್ನಾತಕೋತ್ತರ ವೈದ್ಯಶಿಕ್ಷಣ ನಿಯಮಾವಳಿಯು ವಿದ್ಯಾರ್ಥಿಯು ತನ್ನ ಕೆಲಸದ ದಾಖಲೆಯನ್ನಿಡಬೇಕೆಂದೂ, ಮಾರ್ಗದರ್ಶಕನು ಅದನ್ನು ಪ್ರತಿ ತಿಂಗಳು ಪರಿಶೀಲಿಸಿ ದೃಢೀಕರಿಸಬೇಕೆಂದೂ ಹೇಳುತ್ತದೆ. ಅಗ್ನಿಸಾಕ್ಷಿಯ ಸ್ಥಾನಕ್ಕೆ ರುಜು ಬಂದಿದೆ. ಕಣ್ಣಾರೆ ಕಾಣದ ಕರ್ಮಕ್ಕೆ ಹಾಕಿದ ರುಜುವು ಶಿಷ್ಯನ ದಕ್ಷತೆಗೆ ಪ್ರಮಾಣವಾಗಲಾರದು; ಗುರುವಿನ ಗೈರುಹಾಜರಿಗೆ ಮಾತ್ರ ಪ್ರಮಾಣವಾದೀತು. ಸುಶ್ರುತನ ಗುರುವು ತನ್ನ ಮೇಲೆ ತಾನೇ ಹೇರಿಕೊಂಡ ಆ ಒಂದು ವಾಕ್ಯವನ್ನು ಬಿಟ್ಟರೆ ಉಳಿದ ಪ್ರತಿಜ್ಞೆಯೆಲ್ಲವೂ ಬಲ್ಲವನು ಅರಿಯದವನ ಮೇಲೆ ಹೊರಿಸಿದ ಭಾರವೇ ಆಗುವುದು.