ದರ್ಪಣ ಸುಂದರಿಯೂ ಪೋಸ್ಟ್‌ಕಾರ್ಡೂ

ಬೇಲೂರಿಗೆ ಕ್ಯಾಮೆರಾ ಹಿಡಿದು ಹೋದವರು ದರ್ಪಣ ಸುಂದರಿಯ ಮುಂದೆ ಕತ್ತೆತ್ತಿ ನಿಲ್ಲದೆ ಬರುವುದಿಲ್ಲ. ನಾನೂ ಹತ್ತು ವರ್ಷ ನಿಂತೆ. ಓರೆಬಿಸಿಲಿಗೆ ಕಾದೆ, ದುಬಾರಿ ಲೆನ್ಸು ಕೊಂಡೆ. ಈಚೆಗೆ ಆ ಚಿತ್ರಗಳನ್ನೆಲ್ಲ ಮೇಜಿನ ಮೇಲೆ ಹರಡಿದಾಗ ಹೆಂಡತಿ ಕೇಳಿದಳು: “ಇದರಲ್ಲಿ ನೀವು ತೆಗೆದದ್ದು ಯಾವುದು, ಅಂಗಡಿಯ ಪೋಸ್ಟ್‌ಕಾರ್ಡ್ ಯಾವುದು?” ಉತ್ತರ ಹೊಳೆಯಲಿಲ್ಲ.

ಎಲ್ಲರೂ ತೆಗೆದ ವಸ್ತುವನ್ನೇ ತೆಗೆದದ್ದು ತಪ್ಪಾಯಿತೇ? ಹಾಗೆನ್ನಲು ಬೇಲೂರೇ ಬಿಡುವುದಿಲ್ಲ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದಾರೆ. ವಸ್ತು ಅವರ ಸ್ವಂತದ್ದಲ್ಲ. ಬಳಪದ ಕಲ್ಲೂ ಒಂದೇ, ಶಿಲ್ಪದ ಸಂಪ್ರದಾಯವೂ ಒಂದೇ. ಆದರೂ ‘ಇದು ನನ್ನ ಕೈ’ ಎನ್ನುವ ಧೈರ್ಯ ಅವರಿಗಿತ್ತು. ಹಾಗಾದರೆ ದನಿ ಇರುವುದು ವಸ್ತುವಿನ ಹೊಸತನದಲ್ಲಲ್ಲ.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ಇಲ್ಲಿ ನೆನಪಾಗುತ್ತಾರೆ. ಅವರು ಆರಿಸಿಕೊಂಡದ್ದು ಮಕ್ಕಳು, ಬೀದಿ, ದಿನದ ಬದುಕು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಮಕ್ಕಳ ಚಿತ್ರಗಳನ್ನು ಯುನಿಸೆಫ್ ಪ್ರದರ್ಶಿಸಿತು. ಅವರ ಕಪ್ಪು-ಬಿಳುಪಿನಲ್ಲಿ ಬೆಳಕಿನ ಚಮತ್ಕಾರಕ್ಕಿಂತ ಎದುರಿನವರ ಜೊತೆಗಿನ ಸಲಿಗೆ ಮೊದಲು ಕಾಣುತ್ತದೆ. ನನ್ನದೊಂದು ತಕರಾರೂ ಇದೆ: ಆ ಪ್ರೀತಿಯಲ್ಲಿ ಬಡತನ ಕೆಲವೊಮ್ಮೆ ತೀರಾ ಮುದ್ದಾಗಿಬಿಡುತ್ತದೆ, ಹಸಿವಿನ ಸಿಟ್ಟು ಚೌಕಟ್ಟಿನ ಹೊರಗೇ ಉಳಿಯುತ್ತದೆ. ಆದರೆ ಆ ಮಿತಿಯೂ ಸತ್ಯನ್ನರದೇ. ನನ್ನ ಹತ್ತು ವರ್ಷದ ಚಿತ್ರಗಳಲ್ಲಿ ತಕರಾರು ತೆಗೆಯುವಂಥದ್ದೇ ಇಲ್ಲ. ಅಷ್ಟು ಸರಿಯಾಗಿವೆ, ಅಷ್ಟೇ ಅನಾಥವಾಗಿವೆ.

ಮೇಜಿನ ಮೇಲೆ ಹರಡುವಾಗ ಒಂದನ್ನು ಪಕ್ಕಕ್ಕೆ ಎಸೆದಿದ್ದೆ. ಮಟಮಟ ಮಧ್ಯಾಹ್ನ, ಕಾದ ಚಪ್ಪಡಿ ಕಲ್ಲು. ಬರಿಗಾಲಿನ ಅಜ್ಜಿಯೊಬ್ಬರು ಸೆರಗು ಎತ್ತಿ ಹಿಡಿದು, ನಗುತ್ತಾ ನೆರಳಿನ ಕಡೆ ಓಡುತ್ತಿದ್ದಾರೆ. ಮೇಲಿನ ಮದನಿಕೆಯ ತಲೆ ಕತ್ತರಿಸಿ ಹೋಗಿದೆ, ಅಜ್ಜಿಯ ಪಾದ ಅಲುಗಿದೆ. ಅವತ್ತು ನನ್ನ ಪಾದವೂ ಸುಡುತ್ತಿತ್ತು. ಅದಕ್ಕೇ ಕೈ ನಡುಗಿತ್ತು.

ಆ ನಡುಕವೇ ದನಿ ಎಂದು ಹೇಳಿಕೊಳ್ಳಲಾರೆ. ಒಂದು ಚಿತ್ರದಿಂದ ಯಾರೂ ದಾಸೋಜರಾಗುವುದಿಲ್ಲ. ಆದರೆ ಹೆಸರು ಹಾಕು ಎಂದರೆ ಇವತ್ತು ಹಾಕುವುದು ಅದೊಂದರ ಕೆಳಗೇ.