ರಂಗಸ್ಥಳದ ಮುಂದೆ ಎದ್ದ ಕೈಗಳು

ದೀಪಾವಳಿ ಕಳೆದು ಮಳೆ ಹಿಡಿಯುವ ತನಕ ಕುಮಟಾದಿಂದ ಭಟ್ಕಳದವರೆಗೆ ಎಲ್ಲಿ ಯಕ್ಷಗಾನದ ಆಟವಾದರೂ ರಂಗಸ್ಥಳದ ಎದುರಿಗೆ ಎತ್ತಿ ಹಿಡಿದ ಮೊಬೈಲುಗಳ ಸಾಲು ಕಾಣುತ್ತದೆ. ಟಿಕೆಟ್ಟಿನ ಆಟವಾದರೆ ಗೇಟಿನಲ್ಲಿ ತಪಾಸಣೆಯೂ ಉಂಟು. ಹೆಗಲಿಗೆ ಕ್ಯಾಮೆರಾ ಚೀಲ ಹಾಕಿಕೊಂಡವನು ಅಲ್ಲಿ ನಿಲ್ಲಬೇಕಾಗುತ್ತದೆ, ಅಂಗಿ ಕಿಸೆಯಲ್ಲಿ ಮೊಬೈಲು ಇಟ್ಟುಕೊಂಡ ನೂರಾರು ಜನ ಅವನ ಪಕ್ಕದಿಂದಲೇ ಒಳಗೆ ಹೋಗುತ್ತಾರೆ. ಆಟಕ್ಕೆ ನಿಜವಾಗಿ ಕಿರಿಕಿರಿ ಮಾಡುವವರು ಒಳಗೆ ಹೋದವರಲ್ಲೇ ಹೆಚ್ಚು. ತಡೆಯುವ ಜಾಗವೂ ತಡೆಯುವ ವಸ್ತುವೂ ಎರಡೂ ತಪ್ಪಿವೆ ಎಂಬುದು ನನ್ನ ಅಭಿಪ್ರಾಯ. ಯಕ್ಷಗಾನದ ದಾಖಲಾತಿ ಬೇಕು ಎಂದು ನಂಬಿದವನಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಗೇಟಿನ ಮಾತುಕತೆ ಎಲ್ಲ ಊರಲ್ಲೂ ಹೆಚ್ಚುಕಮ್ಮಿ ಒಂದೇ.

"ತಮಾ, ಚೀಲದಲ್ಲಿ ಎಂತ ಉಂಟು?"

"ಕ್ಯಾಮೆರಾ ಅಣ್ಣ. ಬರೀ ಫೋಟೋಕ್ಕೆ."

"ಫೋಟೋ ಅಂದವರೇ ಕಡೆಗೆ ವಿಡಿಯೋ ಮಾಡೂದು. ಕೌಂಟರಿನಲ್ಲಿ ಇಟ್ಟು ಹೋಗು, ಆಟ ಮುಗಿದ ಮೇಲೆ ತಕಂಡು ಹೋಗು."

ಕೇಳುವವರು ಬಾಡಿಗೆಯ ಕಾವಲುಗಾರರಲ್ಲ. ಅದೇ ಊರಿನ ಯುವಕ ಮಂಡಳಿಯವರು, ಹಗಲೆಲ್ಲ ಕುರ್ಚಿ ಹೊತ್ತು ರಾತ್ರಿ ಗೇಟು ಕಾಯುವವರು. ಅವರ ಮೇಲೆ ಸಿಟ್ಟು ಮಾಡುವುದು ಅನ್ಯಾಯ. ಅವರಿಗೆ ಕೊಟ್ಟ ಸೂಚನೆ ಒಂದೇ: ದೊಡ್ಡ ಕ್ಯಾಮೆರಾ ಒಳಗೆ ಬಿಡಬೇಡಿ.

ಈ ಸೂಚನೆ ಯಕ್ಷಗಾನದ ಲೋಕದಲ್ಲಿ ಹುಟ್ಟಿದ್ದಲ್ಲ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದಂಥ ದೊಡ್ಡ ರಾಕ್ ಕಛೇರಿಗಳ ರೂಢಿ ಇದು. ಲೆನ್ಸ್ ಬಿಚ್ಚಿ ಹಾಕಬಹುದಾದ ಕ್ಯಾಮೆರಾ ಇದ್ದರೆ 'ವೃತ್ತಿಪರ' ಎಂದು ಹೊರಗೆ, ಸಣ್ಣದಾದರೆ ಒಳಗೆ. ಪತ್ರಿಕಾ ಛಾಯಾಗ್ರಾಹಕರಿಗೆ ವೇದಿಕೆಯ ಕೆಳಗೆ ಮೊದಲ ಮೂರು ಹಾಡಿನ ತನಕ ಮಾತ್ರ ಅವಕಾಶ, ಅದೂ ಫ್ಲ್ಯಾಶ್ ಇಲ್ಲದೆ. ಸಾವಿರಾರು ಜನ ನಿಂತು ನೂಕಾಡುವ ಜಾಗದಲ್ಲಿ, ಒಂದೇ ತಂಡದ ಚಿತ್ರದ ಹಕ್ಕು ಕೋಟಿ ಬೆಲೆಬಾಳುವ ವ್ಯವಹಾರದಲ್ಲಿ, ಇದಕ್ಕೊಂದು ಅರ್ಥ ಇತ್ತು. ಫೋನಿನ ಕ್ಯಾಮೆರಾ ಒಳ್ಳೆಯದಾದ ಮೇಲೆ ಅಲ್ಲೂ ಅರ್ಥ ಕಳೆದುಕೊಂಡಿದೆ. ಅದಕ್ಕೇ ಈಗ ಬಾಬ್ ಡಿಲನ್‌ರಂಥವರ ಕಛೇರಿಗೆ ಹೋದವರು ಫೋನನ್ನೇ ಬೀಗ ಬೀಳುವ ಚೀಲದಲ್ಲಿಟ್ಟು ಕುಳಿತುಕೊಳ್ಳಬೇಕು. ನಾವು ಮಾತ್ರ ಹಳೆಯ ನಿಯಮದ ಅರ್ಧ ಭಾಗವನ್ನು ತಂದು ಗೇಟಿಗೆ ಕಟ್ಟಿದ್ದೇವೆ.

ಸಂಘಟಕರ ಪಕ್ಷದಲ್ಲಿ ಗಟ್ಟಿ ಕಾರಣವಿದೆ, ಅದನ್ನು ಮೊದಲು ಒಪ್ಪಬೇಕು. ಡೇರೆ ಮೇಳ ಒಂದು ಹೊಸ ಪ್ರಸಂಗವನ್ನು ನೆಚ್ಚಿಕೊಂಡು ಇಡೀ ತಿರುಗಾಟಕ್ಕೆ ಹೊರಡುತ್ತದೆ. ಕಥೆ ಎಲ್ಲಿ ತಿರುಗುತ್ತದೆ, ಹಾಸ್ಯಗಾರ ಏನು ಹೇಳುತ್ತಾನೆ, ಯಾವ ಪದ್ಯಕ್ಕೆ ಯಾರ ಕುಣಿತ ಎಂಬ ಕುತೂಹಲವೇ ಮುಂದಿನ ಊರಿನ ಟಿಕೆಟ್ಟು. ಹೊನ್ನಾವರದ ಆಟವನ್ನು ಯಾರೋ ಒಬ್ಬರು ಫೇಸ್‌ಬುಕ್ಕಿನಲ್ಲಿ ನೇರವಾಗಿ ಬಿಟ್ಟರೆ ಮರುದಿನ ಮುರ್ಡೇಶ್ವರದಲ್ಲಿ ಕುರ್ಚಿ ಖಾಲಿ ಬೀಳಬಹುದು. ಹರಕೆ ಆಟಕ್ಕೆ ಈ ಭಯವಿಲ್ಲ, ಅದರ ಖರ್ಚು ಹರಕೆ ಹೊತ್ತವರದ್ದು. ಡೇರೆ ಆಟದ ಬದುಕು ಮಾತ್ರ ಗೇಟಿನ ಹಣದ ಮೇಲೇ ನಿಂತಿದೆ. ಹಾಗಾಗಿ ಹೊಸ ಪ್ರಸಂಗಕ್ಕೆ ತಿರುಗಾಟ ಮುಗಿಯುವ ತನಕ ಯಾವ ಚಿತ್ರೀಕರಣವೂ ಬೇಡ ಎಂದರೆ ನಾನು ಪೂರ್ತಿ ಒಪ್ಪುತ್ತೇನೆ. ಆ ಮಾತನ್ನು ಮೊಬೈಲಿಗೂ ಸೇರಿಸಿ ಮೈಕಿನಲ್ಲಿ ಹೇಳಬೇಕು, ಹೇಳಿದ ಮೇಲೆ ನಡೆಸಬೇಕು.

ಇನ್ನೊಂದು ಕಾರಣ ಕಲಾವಿದನ ಮೈಗೆ ಸಂಬಂಧಿಸಿದ್ದು. ಬಡಗುತಿಟ್ಟಿನಲ್ಲಿ ಗಿರ್ಕಿ ಹೊಡೆಯುವವನು, ಮಂಡಿ ಹಾಕುವವನು ತಲೆಯ ಮೇಲೆ ಭಾರ ಹೊತ್ತು ತಿರುಗುತ್ತಿರುತ್ತಾನೆ. ಆ ಹೊತ್ತಿಗೆ ಎದುರಿನಿಂದ ಫ್ಲ್ಯಾಶ್ ಹೊಡೆದರೆ ಒಂದು ಕ್ಷಣ ಅವನಿಗೆ ರಂಗಸ್ಥಳದ ಅಂಚು ಕಾಣುವುದಿಲ್ಲ. ಟ್ರೈಪಾಡಿನ ಕಾಲನ್ನು ವೇದಿಕೆಯ ಅಂಚಿಗೇ ಚಾಚಿ ಇಟ್ಟವರನ್ನು ನಾನು ನೋಡಿದ್ದೇನೆ, ಅಲ್ಲಿಂದ ಎರಡೇ ಮಾರು ಆಚೆ ವೇಷಧಾರಿ ಮಂಡಿಯಲ್ಲಿ ಸುತ್ತುತ್ತಿದ್ದ. ಅವರನ್ನು ಎಬ್ಬಿಸಿ ಹಿಂದೆ ಕಳುಹಿಸಬೇಕಾಗಿತ್ತು. ಯಾರೂ ಕಳುಹಿಸಲಿಲ್ಲ, ಏಕೆಂದರೆ ಕಾವಲು ಗೇಟಿನಲ್ಲಿತ್ತು.

ಇಷ್ಟಾದರೂ ಪೂರ್ತಿ ನಿಷೇಧದ ಪರ ನಿಲ್ಲಲು ನನ್ನಿಂದ ಆಗುವುದಿಲ್ಲ. ಕಾಳಿಂಗ ನಾವಡರ ಧ್ವನಿ ಇವತ್ತು ನಮ್ಮ ಕಿವಿಯಲ್ಲಿರುವುದು ಹೇಗೆ ಎಂದು ಯೋಚಿಸಿ. ಗುಂಡ್ಮಿಯ ಆ ಭಾಗವತರು 1990ರ ಮೇ ತಿಂಗಳಲ್ಲಿ, ಮೂವತ್ತರ ಆಸುಪಾಸಿನಲ್ಲೇ, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಸಾಲಿಗ್ರಾಮ ಮೇಳದ ಆಟಗಳಲ್ಲಿ ಅಭಿಮಾನಿಗಳು ಟೇಪ್ ರೆಕಾರ್ಡರ್ ಹೊತ್ತು ತಂದು, ನಿದ್ದೆಗೆಟ್ಟು ಕ್ಯಾಸೆಟ್ ತಿರುವಿ ಹಾಕಿ ಮಾಡಿಕೊಂಡ ಮುದ್ರಣಗಳಿಂದಲೇ, ಅವರನ್ನು ಕಣ್ಣಾರೆ ಕಾಣದ ತಲೆಮಾರು ಅವರ ಪದ್ಯ ಕೇಳುತ್ತಿದೆ. ಅವುಗಳಲ್ಲಿ ಕೆಮ್ಮು ಇದೆ, ಮಗು ಅಳುವುದಿದೆ, ಪಕ್ಕದವರ ಮಾತಿದೆ. ಆದರೂ ಏರುಪದ್ಯದಲ್ಲಿ ಆ ಧ್ವನಿ ಚಂಡೆಯ ಮೇಲೆ ಹತ್ತಿ ನಿಲ್ಲುವುದು ಸ್ಪಷ್ಟವಾಗಿ ಕೇಳುತ್ತದೆ. ಅವತ್ತು ಗೇಟಿನಲ್ಲಿ ಟೇಪ್ ರೆಕಾರ್ಡರ್ ಕಿತ್ತಿಟ್ಟಿದ್ದರೆ ನಾವು ಕಳೆದುಕೊಳ್ಳುತ್ತಿದ್ದುದು ಎಷ್ಟು!

ದಾಖಲೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲೇ ನಿದರ್ಶನ ಇದೆ. ವಿಷ್ಣುದಾಸ ಭಾವೆ 1843ರಲ್ಲಿ ಸಾಂಗ್ಲಿಯಲ್ಲಿ 'ಸೀತಾಸ್ವಯಂವರ' ಆಡಿಸಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದ್ದು ನಮ್ಮ ಕರಾವಳಿಯಿಂದ ಹೋದ ಭಾಗವತ ಮೇಳದ ಆಟದ ಪ್ರೇರಣೆಯಿಂದ. ಅದು ಹೊನ್ನಾವರದ ಕರ್ಕಿಯ ಮೇಳ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅವರು ಹೇಗೆ ಕುಣಿದರು, ಒಡ್ಡೋಲಗ ಹೇಗಿತ್ತು ಎಂದರೆ ತೋರಿಸಲು ನಮ್ಮ ಕೈಯಲ್ಲಿ ಏನೂ ಇಲ್ಲ. ಆಗ ಯಂತ್ರ ಇರಲಿಲ್ಲ, ಅದು ಯಾರ ತಪ್ಪೂ ಅಲ್ಲ. ಯಂತ್ರ ಬಂದ ಮೇಲೆ ಕಳೆದುಕೊಂಡರೆ ಅದು ನಮ್ಮ ತಪ್ಪು. ಗುಣವಂತೆಯ ಕೆರೆಮನೆ ಶಂಭು ಹೆಗಡೆಯವರು 2009ರ ಫೆಬ್ರವರಿಯಲ್ಲಿ ಇಡಗುಂಜಿಯ ಆಟದಲ್ಲಿ ವೇಷದಲ್ಲಿದ್ದಾಗಲೇ ಅಸ್ವಸ್ಥರಾಗಿ ಹೊರಟುಹೋದರು. ಹೊಸಾಕುಳಿಯ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2012ರಲ್ಲಿ ಪದ್ಮಶ್ರೀ ಪಡೆದು 2017ರ ಅಕ್ಟೋಬರಿನಲ್ಲಿ ತೀರಿಕೊಂಡರು. ಚಿಟ್ಟಾಣಿಯವರ ಭಸ್ಮಾಸುರ, ಕೀಚಕ ಇವತ್ತಿನ ಹುಡುಗರಿಗೆ ಪಾಠವಾಗುತ್ತಿರುವುದು ಪ್ರೇಕ್ಷಕರು ಹಿಡಿದಿಟ್ಟ ವಿಡಿಯೋಗಳಿಂದ. ಕುಣಿತ ಕಲಿಯುವ ಹುಡುಗ ಒಂದೇ ಹೆಜ್ಜೆಯನ್ನು ಹಿಂದೆ ಮುಂದೆ ಓಡಿಸಿ ನೋಡಬಲ್ಲ ಎಂಬುದು ಸಣ್ಣ ಲಾಭವಲ್ಲ.

ಹಾಗಾದರೆ ಒಳ್ಳೆಯ ದಾಖಲೆ ಯಾವುದು? ಇಲ್ಲಿ ಈಗಿನ ರೂಢಿಯ ಬಗ್ಗೆ ನನಗೆ ತೀವ್ರ ಅಸಮಾಧಾನವಿದೆ. ಮೊಬೈಲಿನಲ್ಲಿ ಹಿಡಿದ ಆಟದ ಸದ್ದನ್ನು ಒಮ್ಮೆ ಗಮನವಿಟ್ಟು ಕೇಳಿ. ಚಂಡೆಯ ಪೆಟ್ಟು ಬಿದ್ದ ಕೂಡಲೇ ಫೋನು ತಾನೇ ಧ್ವನಿಯ ಮಟ್ಟ ತಗ್ಗಿಸುತ್ತದೆ, ಅದರೊಂದಿಗೆ ಭಾಗವತರೂ ಮುಳುಗುತ್ತಾರೆ. ಚಂಡೆ ನಿಂತ ಮೇಲೆ ನಿಧಾನ ಮೇಲೆ ಬರುತ್ತಾರೆ. ಮುಂದಿನ ಪೆಟ್ಟಿಗೆ ಮತ್ತೆ ಮುಳುಗುತ್ತಾರೆ. ಮದ್ದಳೆಯ ನಡೆಯಂತೂ ಕೇಳುವುದೇ ಇಲ್ಲ. ಮಾತು ಸ್ಪಷ್ಟವಾಗಲೆಂದು ಫೋನಿನಲ್ಲಿ ಅಳವಡಿಸಿದ ಶೋಧಕ ಶ್ರುತಿಯನ್ನೇ ಗದ್ದಲವೆಂದು ತಿಳಿದು ತೆಗೆದುಹಾಕುತ್ತದೆ. ಚಿತ್ರದ ಕಥೆಯೂ ಇದೇ. ಕಿರೀಟದ ಕನ್ನಡಿ ಚೂರು, ಎದೆಕಟ್ಟು, ಭುಜಕೀರ್ತಿಗಳ ಬಂಗಾರದ ಹೊಳಪು, ಹಿಂದೆ ಕತ್ತಲು. ಕ್ಯಾಮೆರಾ ಕತ್ತಲನ್ನು ನೋಡಿ ಬೆಳಕು ಹೆಚ್ಚಿಸಿದರೆ ಮುಖವರ್ಣಿಕೆ ಬೆಳ್ಳಗೆ ಅಳಿಸಿಹೋಗುತ್ತದೆ, ಕಣ್ಣಿನ ಸುತ್ತ ಬಣ್ಣದ ಮನೆಯಾದ ಚೌಕಿಯಲ್ಲಿ ಅಷ್ಟು ಹೊತ್ತು ಕೂತು ಬರೆದ ಗೆರೆ ಕಾಣುವುದೇ ಇಲ್ಲ. ಕಲಿತ ಕೈಯ ದೊಡ್ಡ ಕ್ಯಾಮೆರಾ ಬೆಳಕಿನ ಮಟ್ಟವನ್ನು ಮುಖಕ್ಕೆ ಹೊಂದಿಸಿ ಬಿಗಿ ಮಾಡಿಟ್ಟುಕೊಳ್ಳುತ್ತದೆ. ಗೇಟಿನಲ್ಲಿ ನಾವು ತಡೆದಿದ್ದು ಆ ಕ್ಯಾಮೆರಾವನ್ನು.

ಅದಕ್ಕಿಂತ ದೊಡ್ಡ ನಷ್ಟ ತುಣುಕಿನದು. ಅರ್ಧ ನಿಮಿಷದ ಗಿರ್ಕಿ, ಹಾಸ್ಯಗಾರನ ಒಂದು ಮಾತು, ಸ್ತ್ರೀವೇಷದ ಒಂದು ನೋಟ, ಇಷ್ಟೇ ಹರಿದಾಡುತ್ತದೆ. ಭಾಗವತರು ಪದ್ಯ ಎತ್ತಿದ್ದು, ಆ ಪದ್ಯಕ್ಕೆ ಅಭಿನಯ, ಅನಂತರ ಅದರ ಅರ್ಥ, ಎದುರು ವೇಷದ ಉತ್ತರ, ಈ ಸರಣಿ ಸೇರಿದರೆ ಆಟ. ಕೆರೆಮನೆಯವರ ಪಾತ್ರಗಳಲ್ಲಿ ಮೌನಕ್ಕೂ ತೂಕವಿತ್ತು. ಪದ್ಯ ಮುಗಿದ ಮೇಲೆ ಮಾತು ಶುರುವಾಗುವ ಮೊದಲು ಪಾತ್ರ ಸುಮ್ಮನೆ ನಿಲ್ಲುವ ಆ ಗಳಿಗೆ ಯಾವ ತುಣುಕಿನಲ್ಲೂ ಸಿಗುವುದಿಲ್ಲ. ಚಪ್ಪಾಳೆ ಬಿದ್ದಲ್ಲಿ ಫೋನು ಮೇಲೇಳುತ್ತದೆ, ಅರ್ಥಗಾರಿಕೆ ಶುರುವಾದಾಗ ಕೆಳಗಿಳಿಯುತ್ತದೆ. ರಂಗಸ್ಥಳದಿಂದ ಕಲಾವಿದ ಇದನ್ನು ದಿನಾ ನೋಡುತ್ತಾನೆ. ಎಲ್ಲಿ ಕೈ ಎದ್ದವೋ ಅಲ್ಲಿ ನಾಳೆ ಇನ್ನೂ ಎರಡು ಸುತ್ತು ಹೆಚ್ಚು ಸುತ್ತುವ ಆಸೆ ಅವನಿಗೂ ಹುಟ್ಟುತ್ತದೆ. ಹೀಗೆ ಕ್ಯಾಮೆರಾ ಆಟವನ್ನು ದಾಖಲಿಸುವುದನ್ನು ಬಿಟ್ಟು ಆಟವನ್ನೇ ಬದಲಿಸತೊಡಗಿದೆ. ಚಿಕ್ಕ ಚೌಕಟ್ಟಿನೊಳಗೆ ಹಿಮ್ಮೇಳ ಬರುವುದೂ ಇಲ್ಲ. ಯಾರು ಹಾಡಿದರು, ಮದ್ದಳೆ ಯಾರದು ಎಂದು ಬರೆಯುವ ಸೌಜನ್ಯವಂತೂ ಅಪರೂಪ.

ಕಾನೂನು ಏನು ಹೇಳುತ್ತದೆ ಎಂದು ಗೇಟಿನವರೂ ಕ್ಯಾಮೆರಾದವರೂ ತಿಳಿದುಕೊಂಡರೆ ಜಗಳ ಅರ್ಧ ಕಡಿಮೆಯಾದೀತು. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿಯಿಂದ ಪ್ರದರ್ಶಕರಿಗೆ ಪ್ರತ್ಯೇಕ ಹಕ್ಕು ಬಂತು. ಈಗ ಅದರ ಅವಧಿ 50 ವರ್ಷ. ನಟ, ಗಾಯಕ, ವಾದಕ, ನರ್ತಕ ಎಲ್ಲರೂ ಅದರಲ್ಲಿ ಸೇರುತ್ತಾರೆ, ಹಾವಾಡಿಗನ ಹೆಸರೂ ಆ ಪಟ್ಟಿಯಲ್ಲಿದೆ. 2012ರ ತಿದ್ದುಪಡಿ ಅದನ್ನು ಇನ್ನಷ್ಟು ಬಲಪಡಿಸಿ, ಪ್ರದರ್ಶಕನ ಹೆಸರು ಹೇಳಬೇಕು, ಪ್ರದರ್ಶನವನ್ನು ಅವನ ಮಾನಕ್ಕೆ ಕುಂದಾಗುವಂತೆ ತಿರುಚಬಾರದು ಎಂದೂ ಸೇರಿಸಿತು. ಅದೇ ಕಾಯ್ದೆಯ 39ನೇ ಕಲಮಿನ ಪ್ರಕಾರ ಸ್ವಂತ ಉಪಯೋಗಕ್ಕೆ, ಪ್ರಾಮಾಣಿಕ ಬೋಧನೆ ಅಥವಾ ಸಂಶೋಧನೆಗೆ ಮಾಡಿಕೊಂಡ ಮುದ್ರಣದಿಂದ ಪ್ರದರ್ಶಕನ ಹಕ್ಕಿಗೆ ಭಂಗ ಬಂದಂತಲ್ಲ. ತನ್ನ ಜಾಗಕ್ಕೆ, ತನ್ನ ಟಿಕೆಟ್ಟಿಗೆ ಷರತ್ತು ಹಾಕುವ ಅಧಿಕಾರ ಸಂಘಟಕನಿಗೆ ಇದ್ದೇ ಇದೆ. ಆದರೆ ಪ್ರದರ್ಶನದ ಹಕ್ಕು ಮೊದಲು ವೇಷಧಾರಿಯದು, ಭಾಗವತರದು, ಮದ್ದಳೆ ಚಂಡೆಯವರದು. ಗೇಟಿನಲ್ಲಿ ಪ್ರೇಕ್ಷಕನ ಕ್ಯಾಮೆರಾ ಇಡಿಸಿಕೊಂಡು, ಒಳಗೆ ತಾನೇ ಮೂರು ಕ್ಯಾಮೆರಾ ಹಚ್ಚಿ ಯೂಟ್ಯೂಬಿಗೆ ಬಿಡುವ ಸಂಘಟಕ ಚೌಕಿಗೆ ಹೋಗಿ ಕಲಾವಿದರನ್ನು ಕೇಳಬೇಡವೇ? ಕೇಳುವವರು ಕಡಿಮೆ. ಒಂದು ರಾತ್ರಿಯ ಸಂಭಾವನೆಗೆ ಕುಣಿದವನ ಕುಣಿತ ವರ್ಷಗಟ್ಟಲೆ ಓಡುತ್ತಿರುತ್ತದೆ, ಅದರ ಆದಾಯದಲ್ಲಿ ಅವನಿಗೆ ಪಾಲಿಲ್ಲ. ಪ್ರೇಕ್ಷಕನ ಕಳ್ಳ ವಿಡಿಯೋಗಿಂತ ಇದು ದೊಡ್ಡ ಅನ್ಯಾಯ ಎಂದೇ ನನಗನಿಸುತ್ತದೆ.

ಅಮೆರಿಕದ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡ 1984ರಲ್ಲಿ ಇಂಥ ತೊಡಕಿಗೆ ಒಂದು ದಾರಿ ಕಂಡುಕೊಂಡಿತು. ಕಛೇರಿ ಮುದ್ರಿಸಿಕೊಳ್ಳುವ ಅಭಿಮಾನಿಗಳು ಎಲ್ಲೆಂದರಲ್ಲಿ ಮೈಕಿನ ಕೋಲು ನಿಲ್ಲಿಸಿ ಹಿಂದಿನವರಿಗೆ ಅಡ್ಡವಾಗುತ್ತಿದ್ದರು. ಅವರನ್ನು ಹೊರಹಾಕುವ ಬದಲು ಧ್ವನಿಯಂತ್ರ ಇಟ್ಟ ಜಾಗದ ಹಿಂದೆ ಅವರಿಗೇ ಒಂದು ವಿಭಾಗ ಮಾಡಿ, ಪ್ರತ್ಯೇಕ ಟಿಕೆಟ್ ಕೊಟ್ಟರು. ಮುದ್ರಿಸಿಕೊಂಡದ್ದನ್ನು ಹಂಚಿಕೊಳ್ಳಬಹುದು, ಮಾರಬಾರದು ಎಂಬುದು ಕಟ್ಟಳೆ. ಆ ತಂಡದ ಸಾವಿರಾರು ಕಛೇರಿಗಳು ಇವತ್ತು ಕೇಳಲು ಸಿಗುತ್ತಿದ್ದರೆ ಅದಕ್ಕೆ ಈ ಅಭಿಮಾನಿಗಳ ಶ್ರಮವೂ ಕಾರಣ.

ನಮ್ಮ ಕುಮಟಾ, ಹೊನ್ನಾವರ, ಭಟ್ಕಳ ತಾಲೂಕಿನ ಬಯಲಿನಲ್ಲಿ ಇದನ್ನು ಮಾಡಲು ದುಡ್ಡು ಬೇಕಿಲ್ಲ. ಮೈಕ್ ಸೆಟ್ಟಿನವರು ಮಿಕ್ಸರ್ ಇಟ್ಟುಕೊಂಡು ಕೂರುವ ಜಾಗದ ಪಕ್ಕ ಆರು ಕುರ್ಚಿಯಷ್ಟು ಜಾಗ ಹಗ್ಗ ಕಟ್ಟಿ ಬಿಟ್ಟರೆ ಸಾಕು. ದಾಖಲಿಸುವವರು ಮೊದಲೇ ಹೆಸರು ಕೊಟ್ಟು, ಚೌಕಿಯಲ್ಲಿ ಕಲಾವಿದರ ಒಪ್ಪಿಗೆ ಪಡೆದು ಅಲ್ಲಿ ಕೂರಲಿ. ಮಿಕ್ಸರಿನಿಂದ ಒಂದು ತಂತಿ ಎಳೆದುಕೊಂಡರೆ ಭಾಗವತರ ಧ್ವನಿ ನೇರವಾಗಿ ಸಿಗುತ್ತದೆ, ಚಂಡೆ ಬಡಿದಾಗ ಮುಳುಗುವುದಿಲ್ಲ. ಫ್ಲ್ಯಾಶ್ ಬೇಡ, ಎದ್ದು ನಿಲ್ಲುವುದು ಬೇಡ. ಹಿಡಿದರೆ ಪೂರ್ವರಂಗದಿಂದ ಮಂಗಳದವರೆಗೆ, ಇಲ್ಲವೇ ಒಂದು ಪೂರ್ತಿ ಸಂದರ್ಭ. ಒಂದು ಪ್ರತಿ ಮೇಳಕ್ಕೆ ಕೊಡಬೇಕು, ತಿರುಗಾಟ ಮುಗಿಯುವ ಮುನ್ನ ಹೊಸ ಪ್ರಸಂಗ ಎಲ್ಲೂ ಹೊರಗೆ ಬಿಡಬಾರದು. ಮಿಕ್ಕವರಿಗೆ ಒಡ್ಡೋಲಗದ ತನಕ ಫೋಟೋಕ್ಕೆ ಅವಕಾಶ ಕೊಟ್ಟು, ಆಮೇಲೆ ಫೋನು ಕಿಸೆಗೆ ಎಂದು ಭಾಗವತರೇ ಒಂದು ಮಾತು ಹೇಳಿದರೆ ನಮ್ಮ ಜನ ಕೇಳುತ್ತಾರೆ. ಗೇಟು ಕಾಯುವ ಹುಡುಗರ ಮಾತಿಗಿಂತ ಭಾಗವತರ ಮಾತಿಗೆ ಇಲ್ಲಿ ಬೆಲೆ ಹೆಚ್ಚು.

ಚೌಕಿಯ ವಿಷಯ ಮಾತ್ರ ಬೇರೆ. ಅಲ್ಲಿ ಗಣಪತಿ ಪೂಜೆ ನಡೆಯುತ್ತದೆ, ಅಲ್ಲಿ ಕಲಾವಿದ ಅರ್ಧ ವೇಷದಲ್ಲಿ, ಅರ್ಧ ಮೈಯಲ್ಲಿ ಇರುತ್ತಾನೆ. ಸ್ತ್ರೀವೇಷದವರು ಸೀರೆ ಉಡುವ ಹೊತ್ತಿಗೆ ಬಾಗಿಲಿನಿಂದ ಫೋನು ಚಾಚುವುದನ್ನು ದಾಖಲಾತಿ ಎನ್ನಲಾಗದು. ಬಣ್ಣ ಹಚ್ಚುವ ಕ್ರಮ ಮುಂದಿನವರಿಗೆ ಉಳಿಯಬೇಕು, ಆ ಬಗ್ಗೆ ಎರಡು ಮಾತಿಲ್ಲ. ಅಮೆರಿಕದ ಮಾರ್ತಾ ಆಶ್ಟನ್ ಉಡುಪಿಗೆ ಬಂದು ಹಿರಿಯಡ್ಕ ಗೋಪಾಲರಾಯರಂಥ ಗುರುಗಳ ಬಳಿ ಕಲಿತ ಮೇಲೆ, 1977ರಲ್ಲಿ ಬ್ರೂಸ್ ಕ್ರಿಸ್ಟಿಯವರ ಜೊತೆ ಯಕ್ಷಗಾನದ ಬಗ್ಗೆ ಪುಸ್ತಕ ತಂದರು. ಕುಳಿತು, ಕಲಿತು, ಕೇಳಿ ಪಡೆಯುವ ದಾರಿ ಚೌಕಿಯಲ್ಲಿ ಈಗಲೂ ತೆರೆದಿದೆ. ಸಂಜೆ ಏಳಕ್ಕೇ ಹೋಗಿ, ಚಪ್ಪಲಿ ಹೊರಗೆ ಬಿಟ್ಟು, ಬಣ್ಣಕ್ಕೆ ಕೂತ ಹಿರಿಯರೊಬ್ಬರ ಹತ್ತಿರ "ಒಂದು ನಾಲ್ಕು ಫೋಟೋ ತೆಗೀಲಾ?" ಎಂದು ಕೇಳಿದರೆ ಬೇಡ ಎನ್ನುವವರು ತೀರಾ ಕಡಿಮೆ. ಎಷ್ಟೋ ಸಲ ಅವರೇ ದೀಪದ ಕಡೆಗೆ ಮುಖ ತಿರುಗಿಸಿ ಕೂರುತ್ತಾರೆ.